ತೋಳಿನ ಮೂರು ಸುಕ್ಕು

ಜರ್ಮನಿಯ ಈ ಸಣ್ಣ ಊರಿಗೆ ಬಂದ ಎರಡನೆಯ ವಾರ, ಒಬ್ಬ ಹೆಂಗಸು ಎರಡೂ ಕೈಯಲ್ಲಿ ಉದ್ದನೆಯ ಕತ್ತಿ ಹಿಡಿದು ನನ್ನ ಎದುರು ನಿಂತಳು. ಒಂದು ಹೆಜ್ಜೆ ಮುಂದಿಟ್ಟು ಕತ್ತಿಯನ್ನು ಬೀಸಿ ನನ್ನ ಕಿವಿಯ ಪಕ್ಕದಲ್ಲಿ ನಿಲ್ಲಿಸಿದಳು. ಆಮೇಲೆ ಶಾಂತವಾಗಿ ಕೇಳಿದಳು: "ಮೊದಲು ಏನು ಕಾಣಿಸಿತು? ಕತ್ತಿಯೋ, ನನ್ನ ಭುಜವೋ?" ನನಗೆ ಏನೂ ಕಾಣಿಸಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ.

ಅವಳ ಹೆಸರು ಮಾರ್ಟಾ. ಕಣ್ಣು ಏನನ್ನು ನೋಡುತ್ತದೆ, ಮನಸ್ಸು ಅದಕ್ಕೆ ಏನನ್ನು ಸೇರಿಸುತ್ತದೆ ಎಂಬುದನ್ನು ಓದಿಕೊಂಡವಳು. ನೂರಾರು ವರ್ಷಗಳ ಹಿಂದೆ ಇಲ್ಲಿಯ ಕತ್ತಿವರಸೆಯ ಗುರುಗಳು ಬರೆಸಿಟ್ಟ ಪುಸ್ತಕಗಳಿವೆ. ಒಂದು ಪುಟಕ್ಕೆ ಒಂದು ಚಿತ್ರ, ಅದರ ಮೇಲೆ ಎರಡು ಸಾಲು. ಕಲಿಸುವವರ ಪರಂಪರೆ ಎಂದೋ ಕಡಿದುಹೋಗಿದೆ, ಚಿತ್ರ ಉಳಿದಿದೆ. ನಿಂತ ಚಿತ್ರವನ್ನು ನೋಡಿ ಓಡುವ ಕತ್ತಿಯನ್ನು ತಿಳಿಯುವುದು ಹೇಗೆ? ಅದು ಅವಳ ಕೆಲಸ. ಆ ಹಳೆಯ ವರಸೆ ಆಡಿ ನೋಡುವ ಅವಳ ಸಂಘದವರಿಗೆ, ಏಟು ತಡೆಯಲು ಹತ್ತಿ ತುಂಬಿದ ದಪ್ಪ ಅಂಗಿ ಹೊಲಿಯುವುದು ನಮ್ಮ ಕೆಲಸ.

ನಾವು ಅಂದರೆ ನಾನು ಮತ್ತು ಹಂಪಣ್ಣ. ನಾನು ಆಂಧ್ರದ ಗಡಿಯ ಮಡಕಶಿರಾ ಕಡೆಯ ಅಗಳಿಯವನು, ರಾಯದುರ್ಗದ ಜೀನ್ಸ್ ಯೂನಿಟ್ಟಿಗೆ ಸೇರಿ ಕೆಲಸ ಕಲಿತವನು. ಅಲ್ಲಿ ಹಂಪಣ್ಣ ನನ್ನ ಮಾಸ್ಟರ್. ಇಲ್ಲಿಗೂ ಮೊದಲು ಬಂದವನು ಅವನೇ. ಮರುವರ್ಷ ನನ್ನನ್ನು ಕರೆಸಿಕೊಂಡ.

ಮನೆ ಅಂದರೆ ಬೇಕರಿಯ ಮೇಲಿನ ಒಂದು ಕೋಣೆ. ಅಲ್ಲಿಗೆ ಹೋದ ಕೂಡಲೇ ಆನ್‌ಮೆಲ್ಡುಂಗ್ ಆಗಬೇಕು. ಇಂಥವನು ಇಂಥ ವಿಳಾಸದಲ್ಲಿದ್ದಾನೆ ಎಂದು ಊರಿನ ಕಚೇರಿಯಲ್ಲಿ ಬರೆಸಿಕೊಳ್ಳುವುದು. ಅಗಳಿಯಲ್ಲಿ ಬಸ್ಸಿಳಿದರೆ ನಾನು ಯಾರ ಮಗ ಎಂದು ಆಟೋದವನೇ ಹೇಳುತ್ತಾನೆ. ಇಲ್ಲಿ ಕಾಗದ ಹೇಳಿದ ಮೇಲೆಯೇ ನಾನು ಇರುವುದು. ಭಾನುವಾರ ಮೆಷಿನ್ನಿನ ಸದ್ದು ಮಾಡುವಂತಿಲ್ಲ. ರಾಗಿ ಸಿಗದೆ, ರೈ ಎಂಬ ಇಲ್ಲಿನ ಕಪ್ಪು ಹಿಟ್ಟಿನಲ್ಲಿ ಮುದ್ದೆ ಮಾಡಿದೆ. ಹಂಪಣ್ಣ ಒಂದು ತುತ್ತು ಮುರಿದು ಬೆರಳಲ್ಲಿ ಎಳೆದು ನೋಡಿದ.

"ಏನಲೇ ಅಗಳಿ, ಇದು ಮುದ್ದಿಯೋ, ಬೂಟಿಗೆ ಹಚ್ಚೋ ಗೋಂದೋ?"

"ನುಂಗಣ್ಣ, ಇಳೀತದೆ."

"ಇಳೀತೈತಿ. ಇಳಿದು ಹೊಟ್ಟ್ಯಾಗ ಬೇರು ಬಿಟ್ಟು ಕುಂದರತೈತಿ."

ನಕ್ಕೆವು. ಆ ಚಳಿಗಾಲದಲ್ಲಿ ನಾವು ನಕ್ಕದ್ದು ನೆನಪಿರುವುದು ಅಷ್ಟೇ.

ಹಳೆಯ ಪುಸ್ತಕಗಳಲ್ಲಿ ಫ್ಯೂಲೆನ್ ಎಂಬ ಮಾತು ಬರುತ್ತದೆ. ಮುಟ್ಟಿ ತಿಳಿಯುವುದು ಎಂದು ಅರ್ಥ. ಎರಡು ಕತ್ತಿ ಒಂದಕ್ಕೊಂದು ತಾಗಿದ ಮೇಲೆ ಎದುರಿನವನು ಬಿಗಿಯಾಗಿ ಒತ್ತುತ್ತಿದ್ದಾನೋ ಸಡಿಲ ಬಿಟ್ಟಿದ್ದಾನೋ ಎಂದು ಅಂಗೈ ಹೇಳಬೇಕು, ಕಣ್ಣಲ್ಲ. "ಕಣ್ಣು ತಡವಾಗಿ ಬರುತ್ತದೆ, ಬಂದ ಮೇಲೆ ತಾನೇ ಮೊದಲು ಬಂದೆ ಅನ್ನುತ್ತದೆ" ಎಂದಳು ಮಾರ್ಟಾ. ನಾನು ಅದನ್ನು ಹಂಪಣ್ಣನಿಗೆ ತಿಳಿಸಿದೆ.

"ಇದನ್ನ ಹೇಳಾಕ ಪುಸ್ತಕ ಬೇಕೇನು?" ಅಂದ. ಮೇಜಿನ ಮೇಲಿದ್ದ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದ. "ನಾನು ಮುಟ್ಟಾಂವ. ನೀನು ಬರೇ ನೋಡಾಂವ."

ನಿಜ. ಹಂಪಣ್ಣ ಬೇರೆ ಕಡೆ ನೋಡುತ್ತಲೇ ಬಟ್ಟೆಯ ತೂಕ, ನೂಲಿನ ಓಟ ಹೇಳುತ್ತಿದ್ದ. ನನ್ನ ಬಂಡವಾಳ ಕಣ್ಣು.

ಒಂದು ಚಿತ್ರದ ಬಗ್ಗೆ ಸಂಘದವರಲ್ಲಿ ತಿಂಗಳುಗಟ್ಟಲೆ ವಾದ ನಡೆದಿತ್ತು. ಕತ್ತಿ ಹಿಡಿದವನ ತೋಳು ಮೊಣಕೈಯಲ್ಲಿ ಬಾಗಿದೆ. ಅದು ಇನ್ನೂ ಬಾಗುತ್ತಿದ್ದರೆ ಏಟು ಎದುರಾಳಿಯ ಮಣಿಕಟ್ಟಿಗೆ. ನೆಟ್ಟಗಾಗುತ್ತಿದ್ದರೆ ಭುಜಕ್ಕೆ. ಮಾರ್ಟಾ ಚಿತ್ರದ ಅರ್ಧ ಮುಚ್ಚಿ, ಮುಂದೇನಾಗುತ್ತದೆ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದಳು. ಪ್ರತಿಯೊಬ್ಬರೂ ತಮಗೆ ಅಭ್ಯಾಸವಾದ ಏಟನ್ನೇ ಕಾಣುತ್ತಿದ್ದರು. ಅಂಗಿ ಕೊಡಲು ಹೋಗಿದ್ದ ನಾನು ತೋಳಿನ ಬಟ್ಟೆಯನ್ನು ನೋಡಿದೆ. ಮೊಣಕೈ ಹತ್ತಿರ ಮೂರು ಸುಕ್ಕು, ಹೊರಗಡೆಗೆ ಬಿಚ್ಚಿಕೊಳ್ಳುವಂತೆ. "ನೆಟ್ಟಗಾಗುತ್ತಿದೆ" ಎಂದೆ. ಏಕೆಂದು ಹರುಕುಮುರುಕು ಜರ್ಮನ್‌ನಲ್ಲಿ ಹೇಳಿದೆ. ಇಡೀ ಕೋಣೆ ತಿರುಗಿ ನೋಡಿತು. ಅಲ್ಲಿಯವರೆಗೆ ನಾನು ಅಂಗಿ ತರುವವನು. ಅಂದು ಮಾರ್ಟಾ ನನ್ನ ಹೆಸರನ್ನು ಎರಡು ಸಲ ಕೇಳಿ ಸರಿಯಾಗಿ ಹೇಳಿದಳು. ಕೋಣೆಗೆ ನಡೆದುಬರುವಾಗ, ಈ ಊರಿನಲ್ಲಿ ನನಗೂ ಜಾಗ ಇದೆ ಅನ್ನಿಸಿತು.

ಮುಂದಿನ ಶನಿವಾರ ಅದನ್ನು ಮಾಡಿ ನೋಡುವುದೆಂದಾಯಿತು. ಹೊಸ ಅಂಗಿಯ ಪರೀಕ್ಷೆಯೂ ಆಗಲಿ ಎಂದು ಹಂಪಣ್ಣ ಅದನ್ನು ತೊಟ್ಟು, ಕೈಗೆ ಮೊಂಡು ಕತ್ತಿ ತೆಗೆದುಕೊಂಡು ಮಾರ್ಟಾಳ ಎದುರು ನಿಂತ. ಕೈಗವಸು ಹಾಕಿದರೆ ಅಂಗಿಯ ಮಣಿಕಟ್ಟಿನ ಪಟ್ಟಿ ಎಲ್ಲಿ ಬಿಗಿಯುತ್ತದೆಂದು ಬೆರಳಿಗೆ ಗೊತ್ತಾಗುವುದಿಲ್ಲ. ಬಲಗೈಯದನ್ನು ಬಿಚ್ಚುತ್ತಾ ನನ್ನ ಮುಖ ನೋಡಿದ.

"ಕೈಗೆ ಬರಂಗಿಲ್ಲ, ಹೌದಿಲ್ಲೋ?"

"ಬರಲ್ಲ ಕಣಣ್ಣ. ಭುಜಕ್ಕೆ. ಗವಸು ಬ್ಯಾಡ ಬಿಡು."

ಮಾರ್ಟಾಳೂ ಅವನ ಬರಿಗೈ ನೋಡಿ ನನ್ನತ್ತ ತಿರುಗಿದಳು. ಬೇಕಾಗಿಲ್ಲ ಎಂದು ಅವಳ ಭಾಷೆಯಲ್ಲೂ ಹೇಳಿದೆ.

ಅವಳು ಚಿತ್ರದಲ್ಲಿದ್ದಂತೆಯೇ ನಿಂತು ಭುಜಕ್ಕೆ ಬೀಸಿದಳು. ಆ ನಿಲುವಿನಿಂದ ಭುಜಕ್ಕೆ ದಾರಿಯೇ ಇರಲಿಲ್ಲ. ನಡುವೆ ಹಂಪಣ್ಣನ ಬರಿಗೈ ಇತ್ತು. ಮೊಂಡಾದರೂ ಅದು ಕಬ್ಬಿಣ. ಹಂಪಣ್ಣ ಕೂಗಲಿಲ್ಲ. "ಅಯ್ಯೋ ದೇವುಡಾ" ಎಂದು ಮೆಲ್ಲಗೆ ತೆಲುಗಿನಲ್ಲಿ ಅಂದು ಕೆಳಗೆ ಕೂತ.

ಮುರಿದ ಹೆಬ್ಬೆರಳಿನ ಮೂಳೆ, ತೋರುಬೆರಳಿನ ಮೂಳೆ ಆಸ್ಪತ್ರೆಯಲ್ಲಿ ಕೂಡಿಕೊಂಡವು. ಸ್ಪರ್ಶ ಮರಳಲಿಲ್ಲ. ಬ್ಯಾಂಡೇಜು ಬಿಚ್ಚಿದ ದಿನ ಹಾಸಿಗೆಯ ಹೊದಿಕೆಯನ್ನು ಆ ಎರಡು ಬೆರಳಲ್ಲಿ ಉಜ್ಜಿದ, ಮತ್ತೆ ಉಜ್ಜಿದ. ಆಮೇಲೆ ಅದೇ ಹೊದಿಕೆಯನ್ನು ಎಡಗೈಯಲ್ಲಿ ಎತ್ತಿ ಕೆನ್ನೆಗೆ ಒತ್ತಿಕೊಂಡ. ನಾನು ಕಿಟಕಿಯ ಕಡೆ ನೋಡಿದೆ.

ಆ ವಾರ ಪುಸ್ತಕದ ಪ್ರತಿಯನ್ನು ಮೊದಲ ಪುಟದಿಂದ ತಿರುವಿದೆ. ಎಲ್ಲ ತೋಳಿನ ಮೇಲೂ ಅದೇ ಮೂರು ಸುಕ್ಕು. ಎತ್ತಿದ ತೋಳು, ಇಳಿಸಿದ ತೋಳು, ಸುಮ್ಮನೆ ಜೋತುಬಿದ್ದ ತೋಳು, ಎಲ್ಲದರ ಮೇಲೂ. ಬರೆದವನ ಕೈಗೆ ಅದು ಅಭ್ಯಾಸ, ಅಷ್ಟೇ. ರಾಯದುರ್ಗದಲ್ಲಿ ನನ್ನ ಕೆಲಸ ಏನಿತ್ತು? ಯಾರೂ ತೊಡದ ಹೊಸ ಜೀನ್ಸಿನ ತೊಡೆಯ ಮೇಲೆ ಉಪ್ಪುಕಾಗದ ಉಜ್ಜಿ, ವರ್ಷಗಟ್ಟಲೆ ತೊಟ್ಟಂತೆ ಸುಕ್ಕು ಬರೆಯುವುದು. ಒಂದೇ ಅಚ್ಚು, ದಿನವಿಡೀ. ಸುಳ್ಳು ಸುಕ್ಕು ಬರೆದೇ ಬದುಕಿದವನು ನಾನು. ಅದನ್ನು ಗುರುತಿಸಬಲ್ಲವನು ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ನನ್ನನ್ನು ನೋಡುತ್ತಿದ್ದಾರೆ ಎಂಬ ಖುಷಿಯಲ್ಲಿ ಇನ್ನೊಂದು ಪುಟ ತಿರುವಲಿಲ್ಲ.

ನಮ್ಮ ಹೊಲಿಗೆ ಅಂಗಡಿಯ ಯಜಮಾನರು ವಿಮೆಯ ಅರ್ಜಿ ತಂದು ನನ್ನ ಮುಂದಿಟ್ಟರು. ನೀವು ಕಂಡದ್ದೇನು, ಬರೆಯಿರಿ ಎಂದಿತ್ತು. "ಗವಸು ಅವನೇ ತೆಗೆದ ಎಂದು ಬರೆದರೆ ಸಾಕು" ಎಂದರು. ಅದು ಸುಳ್ಳೂ ಅಲ್ಲ. ಹಾಗೆ ಬರೆದರೆ ತಪ್ಪು ಹಂಪಣ್ಣನದೇ ಆಗಿ, ವಿಮೆ ಸಿಗದೆ ಅವನ ಚಿಕಿತ್ಸೆ ನಿಲ್ಲುತ್ತದೆ. ಬರೆಯದಿದ್ದರೆ, ನಾನು ಈ ದೇಶದಲ್ಲಿ ಮುಂದುವರಿಯಲು ಬೇಕಾದ ಅವರ ಪತ್ರ ನನಗೆ ಸಿಗಲಿಕ್ಕಿಲ್ಲ.

ನೆನಪಿಸಿಕೊಳ್ಳಲು ಕುಳಿತೆ. ಮೊದಲ ದಿನ ಹಂಪಣ್ಣನ ಕೈ ಅಲುಗದೆ ನಿಂತಿತ್ತು. ಮೂರನೆಯ ದಿನದ ನೆನಪಿನಲ್ಲಿ ಅದು ಕತ್ತಿಯ ಕಡೆಗೆ ತುಸು ಸರಿಯಿತು. ಐದನೆಯ ದಿನಕ್ಕೆ, ಅವನೇ ಕೈ ಚಾಚಿದ್ದನ್ನು ನಾನು ಸ್ಪಷ್ಟವಾಗಿ ಕಂಡಿದ್ದೆ. ನನಗೆ ಬೇಕಾದ ಕಡೆಗೆ ಕಣ್ಣು ಸುಕ್ಕು ಬರೆದುಕೊಡುತ್ತಿತ್ತು. ಹೆದರಿಕೆಯಾಯಿತು. ಕಂಡದ್ದನ್ನು ಬಿಟ್ಟೆ. ನಾನು ಆಡಿದ ಮಾತನ್ನು ಮಾತ್ರ ಬರೆದೆ, ಜರ್ಮನ್‌ನಲ್ಲಿ, ನಾಲ್ಕು ಸಾಲು.

ಚಿಕಿತ್ಸೆ ನಡೆಯಿತು. ಹಂಪಣ್ಣ ಊರಿಗೆ ಹೋದ. ಯಜಮಾನರ ಪತ್ರ ಇನ್ನೂ ಬಂದಿಲ್ಲ.

ಹೋದ ವಾರ ಅವನ ಹೆಂಡತಿ ಗೌರಕ್ಕ ಫೋನ್ ಮಾಡಿದಳು. "ನೀನು ಇದ್ದಿ ಅಂತ ನಮ್ಮನಿಯಾರು ಉಳದ್ರು ತಮ್ಮಾ. ನೇಮಕಲ್ಲು ಆಂಜನೇಯಗ ನಿನ್ನ ಹೆಸರಿಲೆ ಎಲಿ ಪೂಜಿ ಮಾಡಿಸೀನಿ." ಆಮೇಲೆ ದನಿ ತಗ್ಗಿಸಿ, "ಮೆಷಿನ್ನಾಗ ಕೈ ಹೋತು ಅಂತಾರ ಇವ್ರು. ನೀನು ಅಲ್ಲೇ ಇದ್ದ್ಯಲ್ಲ, ಹೆಂಗಾತು?"

ಹಿಂದಿನಿಂದ ಹಂಪಣ್ಣನ ದನಿ ಬಂತು: "ಏ, ಬಿಡ ಅದನ್ನ. ಗೋಂದಿನ ಮುದ್ದಿ ಉಂಡನೇನು ಕೇಳು ಅವಗ."

ನಾನು ಅಂದೆ: "ಹೂಂ ಅಕ್ಕ. ಮೆಷಿನ್ನಾಗೆ."

ಹೀಗೆ ಎರಡು ಊರಾಗಿವೆ. ಇಲ್ಲಿಯ ಕಾಗದದಲ್ಲಿ ನಾನು ತಪ್ಪು ಮಾಡಿದವನು, ಅದು ನಿಜ, ಆದರೆ ಈ ಕಾಗದ ನನ್ನನ್ನು ಇಟ್ಟುಕೊಳ್ಳುವುದೋ ಇಲ್ಲವೋ ತಿಳಿಯದು. ಅಲ್ಲಿ ನನ್ನ ಹೆಸರಿನಲ್ಲಿ ಪೂಜೆ ನಡೆದಿದೆ, ಬಾ ಎಂದು ಕರೆಯುತ್ತಾರೆ, ಆ ಹೆಸರು ನನ್ನದಲ್ಲ. ನಿಜವನ್ನು ನನ್ನದಲ್ಲದ ಭಾಷೆಯಲ್ಲಿ ಬರೆದೆ. ನನ್ನ ಭಾಷೆಯಲ್ಲಿ ಸುಳ್ಳು ಹೇಳಿದೆ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾರಾದರೂ ಓದಿ ಹೇಳಿದರೆ ರಾಯದುರ್ಗದಲ್ಲಿ ಒಬ್ಬಳಿಗೆ ಕೇಳಿಸೀತು.

ಗೌರಕ್ಕ, ಗವಸು ಬ್ಯಾಡ ಅಂದೋನು ನಾನು ಕಣಕ್ಕ.