ಹಲವಾಗಲಿನ ಲೈನು

ನಾನಿನ್ನೂ ಲಂಗ ಪೋಲಕ ತೊಡುವ ಚಿಕ್ಕವಳಿದ್ದಾಗ, ಹರಪನಹಳ್ಳಿಯಲ್ಲಿ ಯಾರೇ ಫೋನ್ ಎತ್ತಿದರೂ ಮೊದಲು ಕೇಳುತ್ತಿದ್ದುದು ನಮ್ಮ ಅಕ್ಕನ ದನಿ. ನೀವು ಈಗ ಮಾಡುವ ಹಾಗೆ ಬೇಕಾದವರಿಗೆ ನೇರವಾಗಿ ಫೋನ್ ಹಚ್ಚಲು ಆಗುತ್ತಿರಲಿಲ್ಲ, ಮಕ್ಕಳೇ. ಫೋನಿನ ಪಕ್ಕದ ಹಿಡಿಕೆ ತಿರುವಿದರೆ, ಅತ್ತ ಫೋನ್ ಆಫೀಸಿನ ಮರದ ಬೋರ್ಡಿನಲ್ಲಿ ಒಂದು ಪುಟ್ಟ ತಗಡಿನ ಮುಚ್ಚಳ ಟಪ್ ಎಂದು ಬೀಳುತ್ತಿತ್ತು. ಅಕ್ಕ ಅದರ ಕೆಳಗಿನ ತೂತಿಗೆ ವೈರು ಚುಚ್ಚಿ, "ಯಾರು ಬೇಕ್ರಿ?" ಎಂದು ಕೇಳಿ, ವೈರಿನ ಇನ್ನೊಂದು ತುದಿಯನ್ನು ಅವರು ಹೇಳಿದವರ ತೂತಿಗೆ ಚುಚ್ಚುತ್ತಿದ್ದಳು. ಆಮೇಲೆ ಅವರಿಬ್ಬರೂ ಮಾತಾಡಬಹುದಿತ್ತು. ಅಪ್ಪನೂ ಅದೇ ಆಫೀಸಿನಲ್ಲಿ ಲೈನ್‌ಮನ್. ಕಂಬ ಹತ್ತಿ, ಹರಿದ ತಂತಿ ಕಟ್ಟುವುದು ಅವನ ಕೆಲಸ. ಅವನ ಅಂಗಿಗೆ ಯಾವಾಗಲೂ ತಾಮ್ರದ ತಂತಿಯ ವಾಸನೆ ಇರುತ್ತಿತ್ತು.

ಆ ವರ್ಷ ಆಫೀಸಿಗೆ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಬಳ್ಳಾರಿಯಿಂದ ಒಬ್ಬ ಇಂಜಿನಿಯರ್ ಬಂದರು. ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಕಿಟಕಿಗೆ ಗಾಜು ಹಾಕಿಸಿ, ತಣ್ಣನೆ ಗಾಳಿಯ ಯಂತ್ರ ಕೂರಿಸಿದರು. ಅದರೊಳಗೆ ಬೀರುವಿನಂಥ ಪೆಟ್ಟಿಗೆಗಳು ಬಂದು ನಿಂತವು. ಚಪ್ಪಲಿ ಹೊರಗೇ ಬಿಡಬೇಕು, ಮಾತು ಮೆಲ್ಲಗೆ ಆಡಬೇಕು. ಇಂಜಿನಿಯರ್ ಸಾಹೇಬರು ತಿಂಗಳುಗಟ್ಟಲೆ ಕೂತು, ಬದಲಾವಣೆಯ ದಿನ ಯಾರು ಎಲ್ಲಿ ನಿಲ್ಲಬೇಕು, ಯಾವ ತಂತಿ ಮೊದಲು ಕತ್ತರಿಸಬೇಕು ಎಂಬುದನ್ನೆಲ್ಲ ಬರೆದು ಗೋಡೆಗೆ ಅಂಟಿಸಿದ್ದರು. ಒಂದು ಮಾತನ್ನು ಎಲ್ಲರಿಗೂ ಬಿಡದೆ ಹೇಳುತ್ತಿದ್ದರಂತೆ: ಹಳೆ ತಂತಿ ಕತ್ತರಿಸಿದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ.

ಅಕ್ಕನಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ಆದರೆ ಇನ್ನು ಮುಂದೆ ಜನ ತಾವೇ ನಂಬರ್ ಒತ್ತಿಕೊಳ್ಳುತ್ತಾರೆ, ನಡುವೆ ಯಾರೂ ಬೇಕಾಗಿಲ್ಲ ಎಂದು ತಿಳಿದಾಗಿನಿಂದ ಅವಳ ಊಟ ಕಡಿಮೆಯಾಗಿತ್ತು. ಮದುವೆಗೆ ಮೊದಲೇ ಸಿಕ್ಕ ನೌಕರಿ. ಅದು ಹೋದರೆ ಏನು ಮಾಡುವುದೆಂದು ಅವ್ವನ ಮುಂದೆ ಒಮ್ಮೆ ಅತ್ತದ್ದನ್ನು ನಾನು ನೋಡಿದ್ದೆ.

ಬದಲಾವಣೆಯ ದಿನ ಬಂದಿದ್ದು ಶ್ರಾವಣದಲ್ಲಿ. ವಾರದಿಂದ ಹಿಡಿದ ಜಿಟಿಜಿಟಿ ಮಳೆ ಬಿಟ್ಟಿರಲಿಲ್ಲ. ಅಪ್ಪ ಹಿಂದಿನ ದಿನವೇ ಹೊಳೆ ದಂಡೆಯ ಹಲವಾಗಲಿಗೆ ಹೋಗಿದ್ದ. ಆ ಊರಿಗೆಲ್ಲ ಇದ್ದದ್ದು ಅಂಚೆ ಮನೆಯ ಒಂದೇ ಫೋನು. ಅದನ್ನು ತೆಗೆದು ಗುಂಡಿ ಒತ್ತುವ ಹೊಸ ಫೋನ್ ಹಾಕಿ, ಅಲ್ಲಿಂದ ಲೈನು ಪರೀಕ್ಷೆ ಮಾಡಬೇಕಿತ್ತು. ಶಾಲೆಗೆ ರಜೆ ಇತ್ತು. ಅವ್ವ ಕಟ್ಟಿಕೊಟ್ಟ ಬುತ್ತಿ ಹಿಡಿದು ನಾನು ಅಕ್ಕನ ಆಫೀಸಿಗೆ ಹೋದೆ.

ಒಳಗೆ ಕಾಲಿಟ್ಟಾಗ ಹೊಸ ಯಂತ್ರ ಆಗಲೇ ಶುರುವಾಗಿತ್ತು. ಪೆಟ್ಟಿಗೆಗಳಲ್ಲಿ ಕೆಂಪು ಹಸಿರು ದೀಪಗಳು ಮಿಣುಕುತ್ತಿದ್ದವು. ನೆಲದ ಮೇಲೆಲ್ಲ ಕತ್ತರಿಸಿದ ತಂತಿಯ ತುಣುಕು. ಊರೊಳಗಿನ ಫೋನುಗಳು ಒಂದೊಂದಾಗಿ ತಾವಾಗಿಯೇ ಕೂಡಿಕೊಳ್ಳುತ್ತಿದ್ದವು. ಅಕ್ಕನ ಮರದ ಬೋರ್ಡು ಮಾತ್ರ ಮೂಕವಾಗಿತ್ತು. ಮಧ್ಯಾಹ್ನ ದೊಡ್ಡ ಅಧಿಕಾರಿಗಳು ಬಂದು ಉದ್ಘಾಟನೆ ಮಾಡುವವರಿದ್ದರು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು.

ಆಗ ತಾಲೂಕು ಆಫೀಸಿನ ಗುಮಾಸ್ತರು ಛತ್ರಿಯನ್ನೂ ಮಡಚದೆ ಓಡಿ ಬಂದರು. ಮೇಲಿನ ಡ್ಯಾಮಿನಿಂದ ಹೊಳೆಗೆ ಭಾಳ ನೀರು ಬಿಟ್ಟಿದ್ದಾರೆ, ಹೊಳೆ ದಂಡೆಯ ಉಳಿದ ಊರುಗಳಿಗೆಲ್ಲ ಸುದ್ದಿ ಮುಟ್ಟಿದೆ, ಹಲವಾಗಲಿನ ಫೋನು ಮಾತ್ರ ಹತ್ತುತ್ತಿಲ್ಲ ಎಂದರು. ಜೀಪು ಕಳಿಸಿದ್ದರಂತೆ, ದಾರಿಯ ಹಳ್ಳ ತುಂಬಿ ಅದು ಈಚೆಯೇ ನಿಂತಿತ್ತು. ಅವತ್ತು ಆಚೆ ದಂಡೆಯ ಊರಿನಲ್ಲಿ ಸಂತೆ. ಹಲವಾಗಲಿನ ಜನ ಹರಿಗೋಲು ಹತ್ತಿ ಹೊಳೆ ದಾಟುವ ದಿನ. ಚರ್ಮ ಹೊದಿಸಿದ ದುಂಡನೆಯ ದೋಣಿ ಅದು. ಸುಮ್ಮನೆ ತುಂಬಿ ಹರಿಯುವ ಹೊಳೆಯನ್ನು ದಾಟುತ್ತದೆ, ಒಮ್ಮೆಲೇ ಏರುವ ನೀರಿಗೆ ತಡೆಯುವುದಿಲ್ಲ.

ಇಂಜಿನಿಯರ್ ಸಾಹೇಬರು ಕಂಪ್ಯೂಟರಿನ ಮುಂದೆ ಕೂತು ಏನೇನೋ ಒತ್ತಿದರು. ಮತ್ತೆ ಮತ್ತೆ ಒತ್ತಿದರು. ಹಲವಾಗಲಿನ ದೀಪ ಕೆಂಪಗೇ ಉಳಿಯಿತು. ಉದ್ದನೆಯ ಲೈನು, ಮಳೆಗೆ ನೆಂದಿದೆ, ಯಂತ್ರ ಅದನ್ನು ಕೆಟ್ಟ ಲೈನೆಂದು ತಿಳಿದು ತಾನೇ ಬಂದ್ ಮಾಡಿದೆ ಎಂದು ಮೆಲ್ಲಗೆ ಹೇಳಿದರು. ಅಪ್ಪ ಅಲ್ಲೇ ಇದ್ದಾನೆ ಎಂಬುದು ನನಗೆ ಆಗ ಹೊಳೆಯಿತು. ಬುತ್ತಿಯ ಗಂಟನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಆತು ನಿಂತೆ.

ಅಕ್ಕ ಎದ್ದು ನಿಂತಳು. "ಸರ್, ಅದೊಂದು ಲೈನು ಹಳೇ ಬೋರ್ಡಿಗೆ ಹಾಕಿ ನೋಡೋಣೇನ್ರಿ? ಮಳಿಗಾಲದಾಗೂ ಅದರ ಮ್ಯಾಲ ದನಿ ಬರ್ತಿತ್ತು."

ಸಾಹೇಬರು ಎದ್ದು ತಂತಿಗಳ ಚೌಕಟ್ಟಿನ ಹತ್ತಿರ ಹೋದರು. ಅವರಿಗೂ ಅದೇ ಯೋಚನೆ ಬಂದಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ತಂತಿಗಳೆಲ್ಲ ಒಂದೇ ಚೌಕಟ್ಟಿನಲ್ಲಿ ಕೂದಲಿನಂತೆ ಒತ್ತೊತ್ತಾಗಿದ್ದವು. ಕೈ ಸ್ವಲ್ಪ ತಪ್ಪಿದರೆ ಪಕ್ಕದ ಆಸ್ಪತ್ರೆಯ ಲೈನು, ಪೊಲೀಸ್ ಠಾಣೆಯ ಲೈನು ಹೋಗಬಹುದಿತ್ತು. ಅಧಿಕಾರಿಗಳ ಕಾರು ಆಗಲೇ ಊರು ಮುಟ್ಟುವ ಹೊತ್ತಾಗಿತ್ತು. ಅವರು ಗೋಡೆಯ ಮೇಲಿನ ತಮ್ಮ ಬರಹವನ್ನು ಒಮ್ಮೆ ನೋಡಿ, ಕನ್ನಡಕ ಒರೆಸಿಕೊಂಡರು.

"ಹಾಕೋಣ," ಎಂದರು. "ನಾನೇ ಹಾಕ್ತೀನಿ. ತಪ್ಪಾದ್ರೆ ನನ್ನ ತಲಿ ಮ್ಯಾಲ ಇರ್ಲಿ."

ಅವರು ಚೌಕಟ್ಟಿನ ಹಿಂದೆ ಮಂಡಿಯೂರಿ ಕೂತರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ತಣ್ಣನೆ ಗಾಳಿಯ ಯಂತ್ರ ಓಡುತ್ತಿದ್ದರೂ. ಬೆಸುಗೆಯ ಹೊಗೆ ಕಣ್ಣಿಗೆ ಚುರುಚುರು ಅಂದಿತು. ಬೋರ್ಡಿನಿಂದ ಬಿಚ್ಚಿಟ್ಟಿದ್ದ ಬ್ಯಾಟರಿಯನ್ನು ಅಕ್ಕ ತಂದು ಕೂಡಿಸಿದಳು. ತಲೆಗೆ ಹೆಡ್‌ಫೋನ್ ಏರಿಸಿ, ವೈರು ಚುಚ್ಚಿ, ಹಿಡಿಕೆ ತಿರುವಿದಳು. ಉತ್ತರವಿಲ್ಲ. ಅಂಚೆ ಮನೆಯ ಹಳೆ ಫೋನನ್ನು ಅಪ್ಪ ತೆಗೆದಿರುತ್ತಾನಲ್ಲ, ಅಲ್ಲಿ ಗಂಟೆ ಹೊಡೆಯುವುದಾದರೂ ಹೇಗೆ? ಅವಳಿಗೆ ಅದು ಗೊತ್ತಿತ್ತು. ಆದರೂ ತಿರುವುತ್ತಲೇ ಇದ್ದಳು, ನಡುನಡುವೆ ನಿಲ್ಲಿಸಿ "ಹಲವಾಗಲು, ಹಲವಾಗಲು" ಎಂದು ಕರೆಯುತ್ತಿದ್ದಳು. ಅಪ್ಪನ ಹತ್ತಿರ ಲೈನು ಪರೀಕ್ಷಿಸುವ ಕೈಫೋನು ಇರುತ್ತದೆ, ಯಾವುದೋ ಕಂಬ ಹತ್ತಿ ಅದನ್ನು ತಂತಿಗೆ ಸಿಕ್ಕಿಸಿದರೆ ತನ್ನ ದನಿ ಕೇಳಿಯೇ ಕೇಳುತ್ತದೆ ಎಂಬುದೊಂದೇ ಅವಳ ಆಸೆ.

ಹೊರಗೆ ಕಾರಿನ ಸದ್ದಾಯಿತು. ಅದೇ ಹೊತ್ತಿಗೆ ಅಕ್ಕನ ಕೈ ನಿಂತಿತು.

"ಅಪ್ಪಾ," ಎಂದಳು. "ಅಪ್ಪಾ, ಕೇಳಿಲ್ಲಿ. ಹೊಳಿಗೆ ನೀರು ಬಿಟ್ಟಾರ, ಭಾಳ ಬಿಟ್ಟಾರ. ಹರಿಗೋಲು ಬಿಡಾಕ ಕೊಡಬ್ಯಾಡ. ನೀನೂ ಅಲ್ಲಿ ನಿಲ್ಲಬ್ಯಾಡ."

ಆಮೇಲೆ ಲೈನಿನಲ್ಲಿ ಬರೀ ಮಳೆಯ ಸದ್ದಿನಂಥ ಗೊರಗೊರ. ಅಪ್ಪ ಹಾಂ ಎಂದನೋ ಇಲ್ಲವೋ ಎಂಬುದೂ ಅವಳಿಗೆ ಸರಿಯಾಗಿ ತಿಳಿಯಲಿಲ್ಲ.

ಅಧಿಕಾರಿಗಳು ಒಳಗೆ ಬಂದರು. ಸಾಹೇಬರು ನಡೆದದ್ದನ್ನು ಮುಚ್ಚಿಡದೆ ಹೇಳಿದರು. ಒಬ್ಬರ ಮುಖ ಬಿಗಿಯಿತು. ಹಾರ ಹಾಕುವುದು, ಟೇಪು ಕತ್ತರಿಸುವುದು ಹೇಗೋ ಮುಗಿಯಿತು. ನನಗೂ ಯಾರೋ ಪೇಡೆ ಕೊಟ್ಟರು. ಅದು ಬಾಯಲ್ಲಿ ಮಣ್ಣಿನಂತೆ ಇತ್ತು. ಅಕ್ಕ ಬೋರ್ಡು ಬಿಟ್ಟು ಏಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಆ ಪುಟ್ಟ ಮುಚ್ಚಳ ಟಪ್ ಎಂದು ಬಿತ್ತು. ಅಕ್ಕ ಕೇಳಿಸಿಕೊಂಡು, ಕಣ್ಣು ಮುಚ್ಚಿ, ನಮ್ಮೆಲ್ಲರ ಕಡೆ ತಿರುಗಿದಳು. "ಎಲ್ಲಾರೂ ದಂಡಿ ಮ್ಯಾಲ ಅದಾರಂತ." ಇಂಜಿನಿಯರ್ ಸಾಹೇಬರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತರು.

ಅಪ್ಪ ಮನೆಗೆ ಬಂದು ಹೇಳಿದಾಗ ಉಳಿದದ್ದು ಗೊತ್ತಾಯಿತು. ಹೊಸ ಫೋನು ಹತ್ತಲಿಲ್ಲವೆಂದು ಅವನು ಕಂಬ ಹತ್ತಿ ಅಕ್ಕನ ದನಿ ಕೇಳಿದಾಗ, ಸಂತೆಯ ಜನ ತುಂಬಿದ ಹರಿಗೋಲು ಆಗಲೇ ದಂಡೆ ಬಿಟ್ಟಿತ್ತಂತೆ. ಅಪ್ಪ ಕಂಬದಿಂದ ಜಾರಿಕೊಂಡೇ ಇಳಿದು, ಅಂಗಿ ಬಿಚ್ಚಿ ಬೀಸುತ್ತಾ, ಕೂಗುತ್ತಾ ಓಡಿದ. ಅಂಬಿಗ ಕಷ್ಟಪಟ್ಟು ತಿರುಗಿಸಿಕೊಂಡು ಬಂದ. ಜನ ಇಳಿದು ಸ್ವಲ್ಪ ಹೊತ್ತಿಗೆ ನೀರು ಏರಿ, ಖಾಲಿ ಹರಿಗೋಲನ್ನು ಕಿತ್ತುಕೊಂಡು ಹೋಯಿತು. ಆಮೇಲೆ ಅಪ್ಪ ಅಂಚೆ ಮನೆಯ ಹಳೆ ಫೋನನ್ನೇ ಮತ್ತೆ ಕೂಡಿಸಿ ಸುದ್ದಿ ಮುಟ್ಟಿಸಿದ್ದ. ಅಪ್ಪನ ಎದೆ, ತೊಡೆಯೆಲ್ಲ ಕಂಬಕ್ಕೆ ತರಚಿ ಕೆಂಪಾಗಿದ್ದವು. ಅವ್ವ ಕೊಬ್ಬರಿ ಎಣ್ಣೆ ಸವರಿದಳು.

ಆ ಮಳೆಗಾಲ ಮುಗಿದು ಹೊಸ ತಂತಿ ಎಳೆಯುವವರೆಗೂ ಸಾಹೇಬರು ಹಲವಾಗಲಿನ ಲೈನನ್ನು ಹಳೆ ಬೋರ್ಡಿನಲ್ಲೇ ಇಟ್ಟರು. ಹೋಗುವ ಮುಂಚೆ ಅಕ್ಕನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಕೆಲಸ ಕಲಿಸಿದರು. ಅಕ್ಕನ ನೌಕರಿ ಹೋಗಲಿಲ್ಲ. ಆದರೆ ಊರಿನ ಜನ ಅವಳ ದನಿ ಕೇಳುವುದು ಮಾತ್ರ ನಿಂತಿತು.

ಈಗ ನಿಮ್ಮ ಕೈಯಲ್ಲೇ ಫೋನು. ಹೋದ ಮಳೆಗಾಲ ನೀವು ದಾವಣಗೆರೆಯಿಂದ ರಜೆಗೆ ಬಂದಾಗ, ಆಟದ ನಡುವೆ ಆ ಫೋನು ಜೋರಾಗಿ ಕಿರುಚಿತ್ತು, ನೆನಪಿದೆಯಾ? ಹೊಳೆಗೆ ನೀರು ಬಿಡುತ್ತಿದ್ದಾರೆಂಬ ಎಚ್ಚರಿಕೆ. ನಿಮ್ಮಲ್ಲಿ ದೊಡ್ಡವನು ಅದನ್ನು ಬೆರಳಿನಿಂದ ಸರಿಸಿ ಆಟ ಮುಂದುವರಿಸಲು ಹೊರಟಿದ್ದ. ನಾನು ತಡೆದು, ಗಟ್ಟಿಯಾಗಿ ಓದು ಅಂದೆ. ಓದಿದ ಮೇಲೆ ಅವನು ಕೇಳಿದ: "ಅಜ್ಜಿ, ಹೊಳೆ ಹತ್ರ ಇರೋರು ಇದನ್ನ ನೋಡಿದ್ರೋ ಇಲ್ವೋ ಅಂತ ಯಾರಿಗೆ ಗೊತ್ತಾಗುತ್ತೆ?"

ಹೊಳೆ ದಂಡೆಯಲ್ಲಿ ನಮಗೆ ಪರಿಚಯದವರು ಯಾರಿದ್ದಾರೆಂದು ನೆನಪು ಮಾಡಿಕೊಂಡು ಇಬ್ಬರೂ ಫೋನ್ ಹಚ್ಚಲು ಕೂತೆವು. ಮೊದಲನೆಯವರು ಎತ್ತಲಿಲ್ಲ. ಅವನು ಮತ್ತೆ ಹಚ್ಚಿದ.