ಠಾಣೆಗೆ ಒಪ್ಪಿಸಿದ ಕೋವಿ

ಪೆರೇಸಂದ್ರದ ನಮ್ಮ ದ್ರಾಕ್ಷಿ ತೋಟ ಕಾಯುತ್ತಿದ್ದ ತಾತನ ಹತ್ತಿರ ಲೈಸೆನ್ಸಿನ ಒಂದು ಹಳೆಯ ಕೋವಿ ಇತ್ತು. ಒಂದು ಕಾಲಕ್ಕೆ ಅದು ಮಿಲಿಟರಿ ರೈಫಲ್ಲು. ಆಮೇಲೆ ಯಾರೋ ಅದರ ನಳಿಗೆಯನ್ನು ಕೊರೆದು, ಸಣ್ಣ ಚರೆಗುಂಡು ಹಾರಿಸುವಂತೆ ಮಾಡಿದ್ದರು. ಹಕ್ಕಿ ಬೆದರಿಸಲು ಅದರ ಸದ್ದೇ ಸಾಕಿತ್ತು.

"ಊಟ ಆಯ್ತಾ, ತಾತ?" ಎಂದರೆ "ನಮ್ಮಿಬ್ರದೂ ಆಯ್ತಪ್ಪ" ಎನ್ನುತ್ತಿದ್ದ. ಏನು ಕೇಳಿದರೂ 'ನಾವಿಬ್ರು' ಇಲ್ಲದೆ ಅವನ ಮಾತಿಲ್ಲ. ಇನ್ನೊಬ್ಬರೆಂದರೆ ಆ ಕೋವಿ. ಗುಡಿಸಲಿನಲ್ಲಿ ಗೋಡೆ ಪಕ್ಕದ ಬೆಚ್ಚನೆಯ ಜಾಗವನ್ನು ಅದಕ್ಕೆ ಬಿಟ್ಟು, ತಾನು ಬಾಗಿಲ ಕಡೆ ಮಲಗುತ್ತಿದ್ದ.

ತೊಂಬತ್ತರ ದಶಕದ ಒಂದು ಚುನಾವಣೆಗೆ, ಊರಿನ ಬೇರೆಲ್ಲ ಕೋವಿಗಳಂತೆ ಅದನ್ನೂ ಪೊಲೀಸ್ ಠಾಣೆಗೆ ಒಪ್ಪಿಸಬೇಕಾಯಿತು. ನಾನೇ ಜೊತೆಗೆ ಹೋಗಿದ್ದೆ.

"ಎಣ್ಣೆ ಬಟ್ಟೆ ಸುತ್ತಿ ಇಡಪ್ಪ, ಅದಕ್ಕೆ ಥಂಡಿ ಆಗಿಬರಲ್ಲ" ಎಂದು ಪೇದೆಗೆ ಹೇಳಿದ.

"ಎಲೆಕ್ಷನ್ ಮುಗೀಲಿ, ಬಂದು ತಗೊಂಡ್ಹೋಗು ತಾತ" ಎಂದು ಪೇದೆ ಅದನ್ನು ಒಳಗೆ ಒಯ್ದ.

ಮರುದಿನ ಮಧ್ಯಾಹ್ನ ತೋಟಕ್ಕೆ ಹೋದೆ. ಗೊರವಂಕಗಳು ಹಣ್ಣು ಕುಕ್ಕುತ್ತಿದ್ದವು. ತಾತ ಚಪ್ಪರದ ಕೆಳಗೆ ತಗಡಿನ ಡಬ್ಬ ಬಡಿಯುತ್ತಿದ್ದ. ಅಭ್ಯಾಸದಂತೆ, ಊಟ ಆಯ್ತಾ ಎಂದು ಕೇಳಿದೆ.

ಡಬ್ಬ ಕೆಳಗಿಟ್ಟು ಗುಡಿಸಲಿನ ಕಡೆ ನೋಡಿದ.

"ಒಬ್ನಿಗೆ ಏನಂತ ಒಲೆ ಹಚ್ಚೋದಪ್ಪ" ಎಂದ.