ಗಿರಣಿ ಪ್ಲಗ್ಗಿನ ಕಲಾಯಿ

ಪುಟ್ಟಿ, ಚಿನ್ನು, ಎದುರು ಕೂತು ಹೇಳೋಕೆ ನನಗೆ ಸಂಕೋಚ. ಅದಕ್ಕೇ ಬರೆದಿದ್ದೇನೆ.

ನಿಮ್ಮ ತಾತ ತೀರಿಹೋದಾಗ ಹಳೇಬೀಡಿನಲ್ಲಿ ಬಸ್ಸು ನಿಲ್ಲುವ ಕಡೆ ನಮಗೊಂದು ಹಿಟ್ಟಿನ ಗಿರಣಿ ಇತ್ತು. ಊರಿಗೆ ಕರೆಂಟ್ ಬಂದು ಹೆಚ್ಚು ವರ್ಷವಾಗಿರಲಿಲ್ಲ. ಗಿರಣಿ ನಾನೇ ನಡೆಸುತ್ತೇನೆ ಅಂದೆ. ತಾತನ ಅಣ್ಣನಿಗೆ, ನನ್ನ ಭಾವನಿಗೆ, ಅದು ಹಿಡಿಸಲಿಲ್ಲ. ಯಂತ್ರ ಹೆಂಗಸಿಗೆ ಬಗ್ಗುವುದಿಲ್ಲ ಅಂತ ದಿನಾ ಬಂದು ತಾವೇ ಮೋಟಾರಿನ ಪಕ್ಕ ನಿಲ್ಲತೊಡಗಿದರು.

ಆ ವರ್ಷ ಆಯುಧಪೂಜೆ ಕಳೆದ ಮೇಲೆ ಮೋಟಾರಿನ ಪ್ಲಗ್ ಕಾಯತೊಡಗಿತು. ಬೆಳಿಗ್ಗೆ ತಣ್ಣಗಿರೋದು. ಮಾದಿಹಳ್ಳಿ ಕಡೆಯವರ ರಾಗಿ ಚೀಲಗಳು ಸಾಲು ನಿಂತು ಮೋಟಾರ್ ಬಿಡುವಿಲ್ಲದೆ ತಿರುಗಿದರೆ ಸುಟ್ಟ ವಾಸನೆ ಬರೋದು. ಭಾವ ಎಲ್ಲರೆದುರೂ ಅಂದರು:

"ಗಂಡ ಸತ್ತವಳು ಮುಟ್ಟಿದ ಯಂತ್ರ ಕಣಮ್ಮ, ಸುಡದೆ ಇನ್ನೇನು? ಬೀಗದ ಕೈ ಕೊಟ್ಟು ಮನೇಲಿರು."

ನಾನು ಕೊಡಲಿಲ್ಲ. ಅವರು ಊಟಕ್ಕೆ ಹೋದಾಗ ಮೇನ್ ಸ್ವಿಚ್ ಆರಿಸಿ ಪ್ಲಗ್ ಕಿತ್ತು ನೋಡಿದೆ. ಹೊಸತರಲ್ಲಿ ಬೆಳ್ಳಗಿದ್ದ ಪಿನ್ನುಗಳು ಹಳದಿಯಾಗಿ, ಅಲ್ಲಲ್ಲಿ ಕರ್ರಗಾಗಿದ್ದವು. ಆಗ ಹೊಳೆಯಿತು. ಪೂಜೆಗೆಂದು ಭಾವ ಹಿತ್ತಾಳೆ ದೀಪದ ಕಂಬದ ಜೊತೆ ಈ ಪಿನ್ನುಗಳನ್ನೂ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿಸಿದ್ದರು. ತಿಕ್ಕಿ ತೆಗೆದ ಆ ಬಿಳಿ ಕೊಳೆಯಲ್ಲ, ಹಿತ್ತಾಳೆಯ ಮೇಲಿನ ತವರದ ಕಲಾಯಿ.

ಕಲಾಯಿಯವನು ಪಾತ್ರೆ ಕಾಯಿಸಿ ಹತ್ತಿಯಲ್ಲಿ ಸವರುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಕಾವಿನಲ್ಲಿ ಅದು ಹತ್ತಿ ಸವರಿದರೂ ಜರುಗುವಷ್ಟು ಮೆತ್ತಗಾಗುತ್ತದೆ. ಇಲ್ಲೂ ಹಾಗೇ. ಕಲಾಯಿ ತೆಳುವಾದ ಕಡೆ ಪಿನ್ನು ಕಾಯುತ್ತಿತ್ತು, ಕಾದರೆ ಉಳಿದದ್ದೂ ಮೆತ್ತಗಾಗುತ್ತಿತ್ತು. ಭಾವ ಮೋಟಾರ್ ನಿಲ್ಲಿಸಿದಾಗಲೆಲ್ಲ ಬಿಸಿ ಪ್ಲಗ್ಗನ್ನೇ ಎಳೆದು ಮತ್ತೆ ತುರುಕುತ್ತಿದ್ದರು. ಒಂದೊಂದು ಸಲ ಉಜ್ಜಿದಾಗಲೂ ಇನ್ನಷ್ಟು ಸವೆತ, ಸವೆದಷ್ಟೂ ಕಾವು.

ಮರುದಿನ ಒಬ್ಬಳೇ ಅರಸೀಕೆರೆ ಬಸ್ಸು ಹತ್ತಿದೆ. ಹಾಗೆ ಹೋದದ್ದು ಅದೇ ಮೊದಲು. ಹೊಸ ಪ್ಲಗ್ಗು, ಸಾಕೆಟ್ಟು ತಂದು ಕರೆಂಟ್ ಕೆಲಸದವನಿಂದ ಕೂರಿಸಿದೆ. ಭಾವ ಬಂದಾಗ ಸೆರಗು ಬಿಗಿಹಿಡಿದು, ತಲೆ ಎತ್ತದೆಯೇ ಹೇಳಿದೆ:

"ಭಾವಾ, ಬಿಸಿ ಇರುವಾಗ ಇದನ್ನ ಎಳೀಬೇಡಿ. ಹುಣಸೆಹಣ್ಣು ಮುಟ್ಟಿಸಬೇಡಿ. ಆಗಲ್ಲ ಅಂದ್ರೆ ಮನೇಲಿರೋದು ನೀವು."

ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ಸರ್ಯಾಗಿ ಹೇಳ್ದೆ ಕಣವ್ವ, ಈಗ ನನ್ ರಾಗಿ ಹಾಕು, ಹೊತ್ತಾಯ್ತದೆ" ಅಂದಳು.

ಭಾವ ಅವತ್ತೇ ಎದ್ದು ಹೋದರು. ಬೆಲ್ಟ್ ಹಾಕುವುದು, ಸವೆದ ಬೀಸುಗಲ್ಲು ಕುಟ್ಟಿಸಿ ಒರಟು ಮಾಡಿಸುವುದು, ಎಲ್ಲ ನಾನೇ ಕಲಿತೆ. ಪ್ಲಗ್ ಮತ್ತೆ ಸುಡಲಿಲ್ಲ, ಗಿರಣಿ ನನ್ನ ಕೈ ಬಿಡಲಿಲ್ಲ. ಅದನ್ನು ಭಾವನೇ ನಡೆಸಿದ್ದು ಅನ್ನುವವರು ಮನೆಯಲ್ಲಿ ಇನ್ನೂ ಇದ್ದಾರೆ. ಅವರ ಮಾತು ಅವರಿಗಿರಲಿ. ಈ ಹಾಳೆಗಳು ಮಾತ್ರ ಅವರ ಕೈಗೆ ಸಿಕ್ಕಿ ಹರಿಯದ ಹಾಗೆ ನಿಮ್ಮಿಬ್ಬರ ಹತ್ತಿರವೇ ಜೋಪಾನವಾಗಿರಲಿ.